ಸೋಲಿನ ಲೆಕ್ಕ ಇಟ್ಟ ಶಸ್ತ್ರವೈದ್ಯ

ಕಾಲಿನ ಹೆಬ್ಬೆರಳು ಕಲ್ಲಿಗೆ ಎಡವಿ ಗಾಯವಾಯಿತೆನ್ನಿ. ಅದನ್ನು ಲಕ್ಷಿಸದೆ ಬಿಟ್ಟು ಕೀವು ಕಟ್ಟಿದರೆ, ಎರಡು ಮೂರು ದಿನಗಳೊಳಗೆ ತೊಡೆಯ ಸಂದಿನಲ್ಲಿ ನೆಲ್ಲಿಕಾಯಿ ಗಾತ್ರದ ಒಂದು ಗಂಟು ಏಳುತ್ತದೆ. ಕೈಬೆರಳಿಗೆ ಉಗುರುಸುತ್ತಾದರೆ ಗಂಟು ಕಾಣಿಸಿಕೊಳ್ಳುವುದು ಕಂಕುಳಲ್ಲಿ. ಗಾಯ ಒಂದು ಕಡೆ, ಗಂಟು ಇನ್ನೊಂದು ಕಡೆ. ಮನೆಯ ಹಿರಿಯರನ್ನು ಕೇಳಿದರೆ "ನಂಜು ಮೇಲಕ್ಕೇರಿದೆ" ಎನ್ನುತ್ತಾರೆ. ಆ ಮಾತು ಸರಿಯಾದದ್ದೇ. ನಂಜು ಒಂದು ದಾರಿ ಹಿಡಿದೇ ಮೇಲೇರಿದೆ. ಆ ದಾರಿಯ ಜಾಡು ಹಿಡಿದು ಹೊರಟ ಒಬ್ಬ ಶಸ್ತ್ರವೈದ್ಯನ ಕಥೆಯನ್ನು ಇಲ್ಲಿ ನಿಮಗೆ ಹೇಳಬೇಕೆಂದಿದ್ದೇನೆ.

ಮೊದಲು ಆ ದಾರಿ ಯಾವುದೆಂದು ನೋಡೋಣ. ಹೃದಯದಿಂದ ಹೊರಟ ರಕ್ತ ಮೈಯೆಲ್ಲ ಸುತ್ತಿ ಮತ್ತೆ ಹೃದಯಕ್ಕೆ ಬರುತ್ತದೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಕೂದಲೆಳೆಗಿಂತ ಸಣ್ಣದಾದ ರಕ್ತನಾಳಗಳಿಂದ ಸ್ವಲ್ಪ ದ್ರವ ಹೊರಕ್ಕೆ ಜಿನುಗಿ ಮೈಯ ಕಣಗಳ ನಡುವೆ ಉಳಿಯುತ್ತದೆ. ಗದ್ದೆಗೆ ಹಾಯಿಸಿದ ನೀರಿನಲ್ಲಿ ಹೆಚ್ಚಾದದ್ದನ್ನು ಬಸಿಗಾಲುವೆ ಸೆಳೆದುಕೊಂಡು ಹಳ್ಳಕ್ಕೆ ಸೇರಿಸುವ ಹಾಗೆ, ಈ ದ್ರವವನ್ನು ಸೆಳೆದು ತಿರುಗಿ ರಕ್ತಕ್ಕೆ ಸೇರಿಸುವ ಬೇರೊಂದು ನಾಳಗಳ ಜಾಲ ನಮ್ಮ ಮೈಯಲ್ಲಿದೆ. ಆ ದ್ರವಕ್ಕೆ ದುಗ್ಧರಸವೆಂದು ಹೆಸರು. ನಾಳಗಳಿಗೆ ದುಗ್ಧನಾಳಗಳೆಂದು ಹೆಸರು. ದಾರಿಯುದ್ದಕ್ಕೂ ಅಲ್ಲಲ್ಲಿ ಕಾಳುಗಳಂಥ ಗ್ರಂಥಿಗಳಿವೆ. ಹಳೆಯ ಕಾಲದ ಸುಂಕದ ಕಟ್ಟೆಗಳಂತೆ ಇವು ಬಂದದ್ದನ್ನೆಲ್ಲ ತಡೆದು ತಪಾಸಣೆ ಮಾಡುತ್ತವೆ. ತೊಡೆಸಂದಿನಲ್ಲಿ ಎದ್ದ ಗಂಟು ಇಂಥ ಒಂದು ಕಟ್ಟೆಯೇ. ಸೊಳ್ಳೆಯ ಮೂಲಕ ಮೈಸೇರುವ ಒಂದು ಬಗೆಯ ಹುಳು ಈ ನಾಳಗಳಲ್ಲಿ ನೆಲಸಿ ದಾರಿಯನ್ನು ಕೆಡಿಸಿದರೆ, ರಸ ನಿಂತಲ್ಲಿಯೇ ನಿಂತು ಕಾಲು ಊದುತ್ತದೆ. ನಾವು ಆನೆಕಾಲು ಎನ್ನುವುದು ಇದನ್ನೇ.

ಈ ನಾಳಗಳನ್ನು ಕಂಡು ಪುಸ್ತಕವಾಗಿ ಬರೆದಿಟ್ಟವನೂ ಒಬ್ಬ ಶಸ್ತ್ರವೈದ್ಯ. ಇಟಲಿಯ ಗಾಸ್ಪರೆ ಅಸೆಲ್ಲಿ. 1622ರ ಜುಲೈ 23ರಂದು ಆತ ಗೆಳೆಯರಿಗೆ ನರಗಳನ್ನು ತೋರಿಸಲೆಂದು ಒಂದು ನಾಯಿಯನ್ನು ಕೊಯ್ದ. ಕರುಳಿನ ಮೇಲೆ ಬೆಳ್ಳಗಿನ ಎಳೆಗಳು ಹರಡಿದ್ದುವು. ಅವೂ ನರಗಳೇ ಇರಬೇಕೆಂದುಕೊಂಡು ಒಂದನ್ನು ಕತ್ತರಿಸಿದಾಗ ಹಾಲಿನಂಥ ದ್ರವ ಹೊರಬಂತು. ಇನ್ನೊಂದು ನಾಯಿಯನ್ನು ಕೊಯ್ದು ನೋಡಿದರೆ ಅಂಥ ಎಳೆಗಳ ಸುಳಿವೇ ಇಲ್ಲ! ಕಾರಣವನ್ನು ಹುಡುಕುತ್ತಾ ಹೋದಾಗ, ಮೊದಲನೆಯ ನಾಯಿ ಹೊಟ್ಟೆತುಂಬ ತಿಂದಿತ್ತು, ಎರಡನೆಯದು ಹಸಿದಿತ್ತು ಎಂಬುದು ಹೊಳೆಯಿತು. ಊಟದ ಕೊಬ್ಬನ್ನು ಕರುಳಿನಿಂದ ಹೊತ್ತೊಯ್ಯುವಾಗಲಷ್ಟೇ ಆ ನಾಳಗಳು ಬೆಳ್ಳಗೆ ಕಾಣುತ್ತವೆ. ದುಗ್ಧವೆಂದರೆ ಹಾಲು, ನಮ್ಮ ಕನ್ನಡದ ಹೆಸರು ಈ ಬಿಳುಪಿಗೆ ಚೆನ್ನಾಗಿ ಒಪ್ಪುತ್ತದೆ. ಅಸೆಲ್ಲಿಯ ಪುಸ್ತಕ ಅಚ್ಚಾದದ್ದು ಆತ ತೀರಿಕೊಂಡ ಮೇಲೆ, 1627ರಲ್ಲಿ. ಮುಂದೆ 1653ರಲ್ಲಿ ಡೆನ್ಮಾರ್ಕಿನ ಥಾಮಸ್ ಬಾರ್ತೊಲಿನ್, ಸ್ವೀಡನ್ನಿನ ಓಲೋಫ್ ರುಡ್‌ಬೆಕ್ ಇಬ್ಬರೂ ಬೇರೆ ಬೇರೆಯಾಗಿ, ಇಂಥ ನಾಳಗಳು ಕರುಳಿನಲ್ಲಿ ಮಾತ್ರವಲ್ಲದೆ ಮೈಯ ಇತರ ಭಾಗಗಳಲ್ಲಿಯೂ ಇವೆಯೆಂದು ಪ್ರಕಟಿಸಿದರು.

ಹಾಲಿನಂಥ ರಸವನ್ನೂ ಗಾಯದ ನಂಜನ್ನೂ ಒಯ್ಯುವ ನಾಳ ಇನ್ನೊಂದನ್ನೂ ಒಯ್ಯಬಲ್ಲುದು. ಮೈಯಲ್ಲಿ ಒಂದು ಕಡೆ ಹುಟ್ಟಿದ ಕ್ಯಾನ್ಸರಿನ ಗಡ್ಡೆಯಿಂದ ಕಣಗಳು ಕಳಚಿ ಈ ಕಾಲುವೆಗೆ ಇಳಿದರೆ, ಹರಿದು ಹೋಗಿ ಮುಂದಿನ ಗ್ರಂಥಿಯಲ್ಲಿ ನಿಂತು ಅಲ್ಲಿ ಹೊಸ ಗಡ್ಡೆಯಾಗಿ ಬೆಳೆಯುತ್ತವೆ. ಶಸ್ತ್ರವೈದ್ಯ ಮೂಲದ ಗಡ್ಡೆಯನ್ನು ಎಷ್ಟೇ ಶುದ್ಧವಾಗಿ ಕತ್ತರಿಸಿ ತೆಗೆದರೂ, ಕಾಲುವೆಯಲ್ಲಿ ಹೊರಟುಹೋದದ್ದು ಅವನ ಕತ್ತಿಗೆ ಸಿಕ್ಕುವುದಿಲ್ಲ. ಹಾಗಾದರೆ ಅದು ಹೊರಟದ್ದು ಎತ್ತ ಕಡೆಗೆ? ಗುದನಾಳದ, ಎಂದರೆ ದೊಡ್ಡ ಕರುಳಿನ ಕಟ್ಟಕಡೆಯ ಭಾಗದ ಕ್ಯಾನ್ಸರಿನ ವಿಷಯದಲ್ಲಿ ಈ ಪ್ರಶ್ನೆಯನ್ನು ಹಟ ಹಿಡಿದು ಕೇಳಿದವನು ಲಂಡನ್ನಿನ ವಿಲಿಯಂ ಅರ್ನೆಸ್ಟ್ ಮೈಲ್ಸ್.

ಸಂಜೆ ಮನೆಮಂದಿಯೆಲ್ಲ ಕೂಡಿ ಕುಳಿತಿರುವಾಗ ಮೈಯ ಈ ಭಾಗದ ಹೆಸರೆತ್ತಲು ನಮಗೆ ಸಂಕೋಚ. ಲಂಡನ್ನಿನವರಿಗೂ ಆ ಸಂಕೋಚವಿತ್ತು. ದೊಡ್ಡ ಆಸ್ಪತ್ರೆಗಳು ಈ ರೋಗಿಗಳ ಕಡೆ ಹೆಚ್ಚು ಗಮನ ಕೊಡದಿದ್ದ ಕಾಲದಲ್ಲಿ, 1835ರಲ್ಲಿ, ಫ್ರೆಡರಿಕ್ ಸಾಮನ್ ಎಂಬ ಶಸ್ತ್ರವೈದ್ಯ ಬಡವರಿಗಾಗಿ 7 ಹಾಸಿಗೆಗಳ ಒಂದು ಚಿಕ್ಕ ಆಸ್ಪತ್ರೆಯನ್ನು ತೆರೆದ. ಅದೇ ಮುಂದೆ ಸೇಂಟ್ ಮಾರ್ಕ್ಸ್ ಆಸ್ಪತ್ರೆಯೆಂದು ಹೆಸರಾಯಿತು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1841ರಲ್ಲಿ ಭಗಂದರಕ್ಕೆ ಶಸ್ತ್ರಕ್ರಿಯೆ ಮಾಡಿಸಿಕೊಂಡದ್ದು ಇದೇ ಸಾಮನ್ನನ ಕೈಯಲ್ಲಿ. ಮಂಪರು ಬರಿಸುವ ಈಥರ್ ಆಗ ಇನ್ನೂ ಬಳಕೆಗೆ ಬಂದಿರಲಿಲ್ಲವೆಂಬುದನ್ನು ನೆನೆದರೆ ಆ ನೋವು ಎಂಥದೆಂದು ನೀವೇ ಊಹಿಸಬಹುದು.

ಕ್ಯಾನ್ಸರಿನ ಮಾತು ಭಗಂದರದಷ್ಟು ಸುಲಭವಲ್ಲ. ಫ್ರಾನ್ಸಿನ ಲಿಸ್‌ಫ್ರಾಂಕ್ 1826ರಲ್ಲಿಯೇ ಗುದನಾಳದ ಕ್ಯಾನ್ಸರನ್ನು ಕೆಳಗಿನಿಂದ ಕೊಯ್ದು ತೆಗೆದಿದ್ದ. 1846ರಲ್ಲಿ ಈಥರ್ ಬಂತು. 1867ರಲ್ಲಿ ಲಿಸ್ಟರನು ಗಾಯ ಕೊಳೆಯದಂತೆ ತಡೆಯುವ ಕ್ರಮವನ್ನು ಪ್ರಕಟಿಸಿದ. 1885ರಲ್ಲಿ ಜರ್ಮನಿಯ ಕ್ರಾಸ್ಕೆ ಬೆನ್ನುಮೂಳೆಯ ಬುಡದ ಕಡೆಯಿಂದ ಗಡ್ಡೆಯನ್ನು ತಲಪುವ ಉಪಾಯವನ್ನು ತೋರಿಸಿದ. ಇಷ್ಟೆಲ್ಲ ಆದರೂ ಹೆಚ್ಚಿನ ಶಸ್ತ್ರವೈದ್ಯರು ಹೊಟ್ಟೆಯನ್ನು ತೆರೆಯಲು ಹಿಂಜರಿಯುತ್ತಿದ್ದರು. ಕರುಳಿನ ಕಲ್ಮಷ ಹೊಟ್ಟೆಯೊಳಗೆ ಸೋರಿದರೆ ರೋಗಿ ಉಳಿಯುವುದು ದುರ್ಲಭ. ಆದ್ದರಿಂದ ಕೆಳಗಿನಿಂದಲೋ ಹಿಂದಿನಿಂದಲೋ ಕೈಗೆಟುಕಿದಷ್ಟನ್ನು ತೆಗೆಯುವುದೇ ವಾಡಿಕೆಯಾಗಿತ್ತು. ರೋಗಿ ಏಳುತ್ತಿದ್ದ, ನಡೆಯುತ್ತಿದ್ದ, ಮನೆಗೆ ಹೋಗುತ್ತಿದ್ದ. ಆಸ್ಪತ್ರೆಯ ದಫ್ತರದಲ್ಲಿ ಅದು ಗೆಲುವು.

ಮೈಲ್ಸ್ ಹುಟ್ಟಿದ್ದು 1869ರಲ್ಲಿ. ಬಾಲ್ಯ ಕಳೆದದ್ದು ವೆಸ್ಟ್ ಇಂಡೀಸಿನ ಟ್ರಿನಿಡಾಡಿನಲ್ಲಿ. ವೈದ್ಯ ಕಲಿತದ್ದು ಲಂಡನ್ನಿನ ಸೇಂಟ್ ಬಾರ್ತೊಲೊಮ್ಯೂ ಆಸ್ಪತ್ರೆಯಲ್ಲಿ. ಸೇಂಟ್ ಮಾರ್ಕ್ಸಿನ ಹಿರಿಯ ಶಸ್ತ್ರವೈದ್ಯ ಗುಡ್‌ಸಾಲನ ಬಳಿ ಪಳಗಿ, ಅವನೊಡನೆ ಗುದದ್ವಾರ ಮತ್ತು ಗುದನಾಳದ ರೋಗಗಳನ್ನು ಕುರಿತು ಒಂದು ಗ್ರಂಥವನ್ನೂ ಬರೆದ. ಆಮೇಲೆ ಗಾರ್ಡನ್ ಆಸ್ಪತ್ರೆಯಲ್ಲಿಯೂ, ಇಂದು ರಾಯಲ್ ಮಾರ್ಸ್‌ಡೆನ್ ಎಂದು ಹೆಸರಾಗಿರುವ ಕ್ಯಾನ್ಸರ್ ಆಸ್ಪತ್ರೆಯಲ್ಲಿಯೂ ಕೆಲಸಮಾಡಿದ. 1899ರಿಂದ 1906ರ ವರೆಗೆ ಆತ ಎಲ್ಲರಂತೆ ಕೆಳಗಿನಿಂದಲೇ 57 ರೋಗಿಗಳಿಗೆ ಶಸ್ತ್ರಕ್ರಿಯೆ ಮಾಡಿದ. ಆದರೆ ರೋಗಿ ಆಸ್ಪತ್ರೆಯ ಬಾಗಿಲು ದಾಟಿದಲ್ಲಿಗೆ ಮೈಲ್ಸನ ಲೆಕ್ಕ ಮುಗಿಯಲಿಲ್ಲ. ಮುಂದೆ ಅವರಿಗೆ ಏನಾಯಿತೆಂದು ವಿಚಾರಿಸುತ್ತಾ ಹೋದ. ಆರು ತಿಂಗಳಿಂದ ಮೂರು ವರ್ಷಗಳೊಳಗೆ 57 ಮಂದಿಯಲ್ಲಿ 54 ಮಂದಿಗೆ ರೋಗ ಮರುಕಳಿಸಿತ್ತು.

ಈ ಅಂಕಿಯ ಮುಂದೆ ಒಂದು ಗಳಿಗೆ ನಿಲ್ಲಿ. ಏಳು ವರ್ಷಗಳ ದುಡಿಮೆ; ಉಳಿದವರು ಮೂರೇ ಮಂದಿ. ರೋಗವೇ ಅಂಥದು ಎಂದು ಕೈಚೆಲ್ಲಬಹುದಾಗಿತ್ತು. ಗಡ್ಡೆ ಬಲಿತ ಮೇಲೆ ಬಂದರು ಎಂದು ರೋಗಿಗಳ ಮೇಲೆಯೇ ತಪ್ಪು ಹೊರಿಸಬಹುದಾಗಿತ್ತು. ಲೆಕ್ಕವನ್ನೇ ಹೊರಗೆಡಹದೆ ಇದ್ದರೂ ಕೇಳುವವರು ಇರಲಿಲ್ಲ. ಮೈಲ್ಸ್ ಇದಾವುದನ್ನೂ ಮಾಡಲಿಲ್ಲ. ಸತ್ತವರ ಶವಪರೀಕ್ಷೆ ಮಾಡಿ, ರೋಗ ಮರಳಿ ತಲೆಯೆತ್ತಿದ್ದು ಯಾವ ಜಾಗದಲ್ಲಿ ಎಂದು ಹುಡುಕಿದ.

ಶವಾಗಾರದಲ್ಲಿ ಆತನಿಗೆ ಕಂಡದ್ದು ಇದು: ಗಡ್ಡೆಯನ್ನು ತೆಗೆದ ಜಾಗಕ್ಕಿಂತ ಮೇಲೆ, ಹೊಟ್ಟೆಯೊಳಗೆ, ಕರುಳನ್ನು ಬೆನ್ನಿಗೆ ಹಿಡಿದಿಟ್ಟಿರುವ ಪೊರೆಯ ಮಡಿಕೆಗಳಲ್ಲಿ ಮತ್ತು ಎಡಗಡೆಯ ದೊಡ್ಡ ರಕ್ತನಾಳ ಕವಲೊಡೆಯುವ ಕಡೆ ಇರುವ ಗ್ರಂಥಿಗಳಲ್ಲಿ ಕ್ಯಾನ್ಸರು ಬೆಳೆದಿತ್ತು. ಕೆಳಗಿನಿಂದ ಎಷ್ಟು ಕೈ ನೀಡಿದರೂ ತಲಪಲಾಗದ ಜಾಗಗಳಿವು. ಶಸ್ತ್ರವೈದ್ಯ ಮನೆಯ ಮುಂಬಾಗಿಲನ್ನು ಭದ್ರಮಾಡುತ್ತಿದ್ದಾಗ ಕಳ್ಳ ಅಟ್ಟವನ್ನು ಸೇರಿಯಾಗಿತ್ತು. ದುಗ್ಧನಾಳಗಳ ಜಾಡು ಹಿಡಿದು ಮೈಲ್ಸ್ ರೋಗ ಹರಡುವ ಮೂರು ದಾರಿಗಳನ್ನು ಗುರುತಿಸಿದ. ಒಂದು ಕೆಳಕ್ಕೆ, ಗುದದ್ವಾರದ ಸುತ್ತಿನ ಚರ್ಮ, ಕೊಬ್ಬು, ಸ್ನಾಯುಗಳ ಕಡೆಗೆ. ಇನ್ನೊಂದು ಪಕ್ಕಕ್ಕೆ, ಕಟಿಯ ಗೋಡೆಯ ಗ್ರಂಥಿಗಳ ಕಡೆಗೆ. ಮೂರನೆಯದು ಮೇಲಕ್ಕೆ, ರಕ್ತನಾಳಗಳನ್ನು ಅನುಸರಿಸಿ ಹೊಟ್ಟೆಯೊಳಕ್ಕೆ. ಇವುಗಳಲ್ಲಿ ಮೇಲಿನ ದಾರಿಯೇ ಮುಖ್ಯ, ಅದನ್ನು ಬಿಟ್ಟು ಮಾಡಿದ ಶಸ್ತ್ರಕ್ರಿಯೆ ವ್ಯರ್ಥವೆಂದು ಆತ ತೀರ್ಮಾನಿಸಿದ.

ಇದರಿಂದ ಹುಟ್ಟಿದ ಶಸ್ತ್ರಕ್ರಿಯೆಯನ್ನು ಆತ 1908ರ ಡಿಸೆಂಬರಿನಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ವೈದ್ಯ ಪತ್ರಿಕೆಯಲ್ಲಿ ವಿವರಿಸಿದ. ಮೊದಲು ಹೊಟ್ಟೆಯನ್ನು ತೆರೆದು, ಮೇಲಿನ ಗ್ರಂಥಿಗಳನ್ನೂ ಪೊರೆಯನ್ನೂ ಕರುಳಿನ ಕೊನೆಯ ಭಾಗದೊಡನೆ ಬಿಡಿಸಬೇಕು. ಅನಂತರ ರೋಗಿಯನ್ನು ಮಗ್ಗುಲಿಗೆ ತಿರುಗಿಸಿ, ಕೆಳಗಿನಿಂದ ಗುದನಾಳವನ್ನು ಸುತ್ತಲಿನ ಕೊಬ್ಬು ಸ್ನಾಯುಗಳ ಸಮೇತ ಅಗಲವಾಗಿ ಕೊಯ್ದು, ಎಲ್ಲವನ್ನೂ ಒಂದೇ ತುಂಡಾಗಿ ಹೊರಗೆ ತೆಗೆಯಬೇಕು. ಮಲ ಹೊರಹೋಗಲು ಹೊಟ್ಟೆಯ ಎಡಮಗ್ಗುಲಲ್ಲಿ ಕರುಳಿನ ತುದಿಯನ್ನು ಹೊರತಂದು ಶಾಶ್ವತವಾದ ಒಂದು ಕೃತಕ ದ್ವಾರವನ್ನು ಮಾಡಬೇಕು. ಹೊಟ್ಟೆಯಿಂದಲೂ ಕೆಳಗಿನಿಂದಲೂ ಕೂಡಿ ಶಸ್ತ್ರಕ್ರಿಯೆ ಮಾಡಿದವರಲ್ಲಿ ಮೈಲ್ಸನೇ ಮೊದಲಿಗನಲ್ಲ. ಜರ್ಮನಿಯ ಚೆರ್ನಿ ಅದಕ್ಕೆ ಸುಮಾರು ಕಾಲು ಶತಮಾನದ ಹಿಂದೆಯೇ, ಕೆಳಗಿನಿಂದ ಕೆಲಸ ಮುಗಿಯದೆ ಹೊಟ್ಟೆಯನ್ನು ತೆರೆದಿದ್ದ. ಆದರೆ ಚೆರ್ನಿಗೆ ಅದು ಆಪತ್ತಿನ ಉಪಾಯ. ಮೈಲ್ಸನಿಗೆ ಕಾರಣ ತಿಳಿದು ಇಟ್ಟ ಹೆಜ್ಜೆ.

ಆ ಲೇಖನದಲ್ಲಿ ಮೈಲ್ಸ್ ಹೊಸ ಕ್ರಮದ 12 ಮಂದಿ ರೋಗಿಗಳ ಫಲಿತಾಂಶವನ್ನು ಕೊಟ್ಟಿದ್ದಾನೆ. ಅವರಲ್ಲಿ 5 ಮಂದಿ ಶಸ್ತ್ರಕ್ರಿಯೆಯ ಆಘಾತದಿಂದಲೋ ಅದರ ಬೆನ್ನಿಗೆ ಬಂದ ತೊಡಕುಗಳಿಂದಲೋ ತೀರಿಕೊಂಡಿದ್ದರು. ಇದನ್ನೂ ಆತ ಮರೆಮಾಚಲಿಲ್ಲ. ಅಂದಿನ ಸ್ಥಿತಿಯನ್ನು ನೀವು ಮನಸ್ಸಿಗೆ ತಂದುಕೊಳ್ಳಬೇಕು. ರಕ್ತದ ಗುಂಪುಗಳ ವಿಷಯ ಪ್ರಕಟವಾಗಿದ್ದದ್ದು 1901ರಲ್ಲಿ. ರೋಗಿಗೆ ಇನ್ನೊಬ್ಬರ ರಕ್ತ ಕೊಡುವ ಏರ್ಪಾಡು ಆಸ್ಪತ್ರೆಗಳಲ್ಲಿ ಇನ್ನೂ ನೆಲೆಗೊಂಡಿರಲಿಲ್ಲ. ಪೆನಿಸಿಲಿನ್ ಬರುವುದಕ್ಕೆ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕಾಯಬೇಕಾಗಿತ್ತು. ಇಂಥ ಕಾಲದಲ್ಲಿ ರೋಗಿಯ ಮುಂದೆ ಇದ್ದ ಆಯ್ಕೆ ಕಠಿನವಾದದ್ದು. ಹಳೆಯ ಕ್ರಮದಲ್ಲಿ ಇಂದು ಬದುಕಿ, ವರ್ಷ ಎರಡು ವರ್ಷಗಳಲ್ಲಿ ನರಳಿ ಸಾಯುವುದು ಹೆಚ್ಚುಕಡಮೆ ನಿಶ್ಚಯ. ಹೊಸ ಕ್ರಮದಲ್ಲಿ ಮೇಜಿನ ಮೇಲೆಯೇ ಪ್ರಾಣ ಹೋಗಬಹುದು. ಉಳಿದರೆ ಹೊಟ್ಟೆಯ ಮೇಲಿನ ದ್ವಾರದೊಡನೆ ಬಾಳಬೇಕು, ಆದರೆ ಬಾಳಬಹುದು.

ಇದನ್ನು ಎಲ್ಲ ಶಸ್ತ್ರವೈದ್ಯರೂ ಒಪ್ಪಿಕೊಳ್ಳಲಿಲ್ಲ. ಸೇಂಟ್ ಮಾರ್ಕ್ಸಿನ ಪ್ರಸಿದ್ಧ ಶಸ್ತ್ರವೈದ್ಯ ಲಾಕ್‌ಹಾರ್ಟ್ ಮಮ್ಮರಿ ಕೆಳಗಿನಿಂದ ಮಾಡುವ ಕ್ರಮವನ್ನೇ ತಿದ್ದಿ ಸುಧಾರಿಸಿ, ಅದರಲ್ಲಿ ಸಾವು ಕಡಮೆಯೆಂದು ವಾದಿಸಿದ. ಆ ವಾದ ಹುರುಳಿಲ್ಲದ್ದಲ್ಲ. ಇತ್ತ ಮೈಲ್ಸನ ಕೈಯೂ ಪಳಗಿತು, ರೋಗಿಗಳನ್ನು ಆರಿಸುವ ವಿವೇಕವೂ ಬೆಳೆಯಿತು, ಮಂಪರು ಕೊಡುವ ವಿದ್ಯೆಯೂ ಸುಧಾರಿಸಿತು. 1923ರ ಹೊತ್ತಿಗೆ, ಒಂದು ಕಾಲದಲ್ಲಿ ನೂರಕ್ಕೆ 95ರಷ್ಟಿದ್ದ ಮರುಕಳಿಕೆ ಆತನ ಹೊಸ ಕ್ರಮದಲ್ಲಿ ನೂರಕ್ಕೆ ಸುಮಾರು 30ಕ್ಕೆ ಇಳಿದಿತ್ತು. ಮುಂದಿನ ದಶಕಗಳಲ್ಲಿ ಮೈಲ್ಸನ ಶಸ್ತ್ರಕ್ರಿಯೆಯೇ ಈ ರೋಗಕ್ಕೆ ಒಪ್ಪಿತವಾದ ಚಿಕಿತ್ಸೆಯಾಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಇದು ಬರಿಯ ಒಬ್ಬ ವೀರನ ಕಥೆಯಾಗುತ್ತಿತ್ತು. ಆದರೆ ಮೈಲ್ಸ್ ಕಂಡದ್ದರಲ್ಲಿ ಒಂದು ಭಾಗ ತಿದ್ದುಪಡಿಗೆ ಒಳಗಾಯಿತು; ತಿದ್ದಿದ್ದೂ ಎಣಿಕೆಯೇ. 1922ರಲ್ಲಿ ಸೇಂಟ್ ಮಾರ್ಕ್ಸ್ ಆಸ್ಪತ್ರೆಗೆ ರೋಗಲಕ್ಷಣ ವಿಜ್ಞಾನಿಯಾಗಿ ಕತ್‌ಬರ್ಟ್ ಡ್ಯೂಕ್ಸ್ ಬಂದ. ಕತ್ತಿ ಹಿಡಿಯುವುದು ಆತನ ಕೆಲಸವಲ್ಲ. ಶಸ್ತ್ರವೈದ್ಯರು ತೆಗೆದು ಕಳಿಸಿದ ಕರುಳಿನ ತುಂಡುಗಳನ್ನು ಪ್ರಯೋಗಶಾಲೆಯ ಮೇಜಿನ ಮೇಲೆ ಹರವಿ, ಒಂದೊಂದು ಗ್ರಂಥಿಯನ್ನೂ ಬಿಡಿಸಿ, ಅದರಲ್ಲಿ ರೋಗವಿದೆಯೇ ಇಲ್ಲವೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಗುರುತು ಹಾಕುವುದು ಆತನ ಕೆಲಸ. 1932ರಲ್ಲಿ ಆತ ಈ ಕ್ಯಾನ್ಸರನ್ನು ಮೂರು ದರ್ಜೆಗಳಾಗಿ ವಿಂಗಡಿಸಿದ. ಗಡ್ಡೆ ಗುದನಾಳದ ಗೋಡೆಯೊಳಗೇ ಇದ್ದರೆ ‘ಎ’. ಗೋಡೆಯನ್ನು ದಾಟಿದ್ದರೂ ಗ್ರಂಥಿಗಳನ್ನು ಮುಟ್ಟದಿದ್ದರೆ ‘ಬಿ’. ಗ್ರಂಥಿಗಳನ್ನು ಮುಟ್ಟಿದ್ದರೆ ‘ಸಿ’. ಇಷ್ಟು ಸರಳವಾದ ಈ ಮೂರಕ್ಷರ ರೋಗಿಯ ಮುಂದಿನ ಬಾಳನ್ನು ಆಶ್ಚರ್ಯವಾಗುವಷ್ಟು ಚೆನ್ನಾಗಿ ಸೂಚಿಸಿದುವು. ಬಹುಕಾಲ ಜಗತ್ತಿನ ನಾನಾ ಕಡೆಯ ಆಸ್ಪತ್ರೆಗಳು ಇದನ್ನು ಬಳಸಿದುವು. ಇಂದಿನ ಹೆಚ್ಚು ವಿವರವಾದ ವಿಂಗಡಣೆಯ ತಳಹದಿಯಲ್ಲಿಯೂ ಇದೇ ವಿಚಾರವಿದೆ.

1935ರಲ್ಲಿ ಡ್ಯೂಕ್ಸ್ ತನ್ನ ಜೊತೆಗಾರರಾದ ಗೇಬ್ರಿಯಲ್ ಮತ್ತು ಬಸ್ಸಿಯರೊಡನೆ, ಈ ರೋಗ ದುಗ್ಧನಾಳಗಳಲ್ಲಿ ಹರಡುವ ರೀತಿಯನ್ನೇ ಕುರಿತು ಒಂದು ಲೇಖನವನ್ನು ಪ್ರಕಟಿಸಿದ. ರೋಗ ಬಹುಪಾಲು ಏರುವುದು ಮೇಲಕ್ಕೆ, ಒಂದು ಗ್ರಂಥಿಯಿಂದ ಮುಂದಿನ ಗ್ರಂಥಿಗೆ ಮೆಟ್ಟಿಲು ಹತ್ತಿದಂತೆ ಎಂಬಲ್ಲಿ ಮೈಲ್ಸನ ಮಾತು ನಿಜವಾಯಿತು. ಆದರೆ ಕೆಳಕ್ಕೆ ಹರಡುವುದು ಬಹಳ ಅಪರೂಪವೆಂದು ತೋರಿತು. ಮೇಲಿನ ಗ್ರಂಥಿಗಳೆಲ್ಲ ರೋಗದಿಂದ ಕಟ್ಟಿಕೊಂಡಾಗ ಮಾತ್ರ, ಕಾಲುವೆ ಹೂಳು ತುಂಬಿ ನೀರು ಹಿಮ್ಮೆಟ್ಟಿದಂತೆ, ರಸ ಹಿಂದಕ್ಕೆ ತಿರುಗಿ ರೋಗ ಕೆಳಗಿಳಿಯುತ್ತದೆ.

ಹಾಗಾದರೆ ಅಷ್ಟು ಎಚ್ಚರದ ಮೈಲ್ಸ್ ತಪ್ಪಿದ್ದೆಲ್ಲಿ? ಆತನ ಕಣ್ಣು ತಪ್ಪಲಿಲ್ಲ. ಆತ ನೋಡಿದ್ದು ಸತ್ತವರನ್ನು. ರೋಗ ತನ್ನ ಕೊನೆಯ ಮಜಲನ್ನು ಮುಟ್ಟಿ, ಎಲ್ಲ ದಾರಿಗಳಲ್ಲಿಯೂ ಹರಿದಾಡಿ ಮುಗಿದ ಮೇಲಿನ ಸ್ಥಿತಿಯದು. ಡ್ಯೂಕ್ಸ್ ನೋಡಿದ್ದು ಶಸ್ತ್ರಕ್ರಿಯೆಯಲ್ಲಿ ತೆಗೆದ ತುಂಡುಗಳನ್ನು, ಎಂದರೆ ನಡುದಾರಿಯಲ್ಲಿರುವ ರೋಗವನ್ನು. ನೆರೆ ಇಳಿದ ಮೇಲೆ ಊರನ್ನು ನೋಡಿದವನಿಗೆ ನೀರು ಎಲ್ಲ ಬೀದಿಗಳಲ್ಲಿಯೂ ನುಗ್ಗಿದ ಗುರುತು ಕಾಣುತ್ತದೆ. ಅದು ಮೊದಲು ನುಗ್ಗಿದ ಬೀದಿ ಯಾವುದೆಂದು ಹೇಳಬೇಕಾದರೆ ನೀರು ಏರುತ್ತಿದ್ದಾಗ ನೋಡಿರಬೇಕು.

ಈ ವ್ಯತ್ಯಾಸ ರೋಗಿಗಳ ಪಾಲಿಗೆ ಸಣ್ಣದಾಗಿರಲಿಲ್ಲ. ಕೆಳಕ್ಕೆ ಹರಡುವುದು ಅಪರೂಪವೆಂದ ಮೇಲೆ, ಗಡ್ಡೆ ಸಾಕಷ್ಟು ಮೇಲಿರುವವರಲ್ಲಿ ಗುದದ್ವಾರವನ್ನೂ ಅದರ ಸ್ನಾಯುವನ್ನೂ ಕೊಯ್ದು ತೆಗೆಯುವ ಅಗತ್ಯವಿಲ್ಲ; ರೋಗವಿರುವ ಭಾಗವನ್ನು ತೆಗೆದು ಎರಡು ತುದಿಗಳನ್ನು ಜೋಡಿಸಬಹುದು. ಮೈಲ್ಸ್ 1947ರಲ್ಲಿ ತೀರಿಕೊಂಡ. ಮರುವರ್ಷವೇ ಅಮೆರಿಕದ ಮೇಯೋ ಚಿಕಿತ್ಸಾಲಯದ ಡಿಕ್ಸನ್ ಹೀಗೆ ಜೋಡಿಸುವ ಶಸ್ತ್ರಕ್ರಿಯೆಯ ಒಳ್ಳೆಯ ಫಲಿತಾಂಶಗಳನ್ನು ಪ್ರಕಟಿಸಿದ. 1970ರ ದಶಕದಿಂದ ಕರುಳನ್ನು ದುಂಡಗೆ ಜೋಡಿಸುವ ಯಂತ್ರಗಳು ಬಳಕೆಗೆ ಬಂದು ಇನ್ನೂ ಕೆಳಗಿನ ಜೋಡಣೆಯೂ ಸಾಧ್ಯವಾಯಿತು. ಹೊಟ್ಟೆಯ ಮೇಲಿನ ಶಾಶ್ವತ ದ್ವಾರ ಅನೇಕರಿಗೆ ತಪ್ಪಿತು. ಗಡ್ಡೆ ತೀರ ಕೆಳಗಿದ್ದು ಸ್ನಾಯುವನ್ನೇ ಹಿಡಿದಿರುವವರಿಗೆ ಮಾತ್ರ ಇಂದಿಗೂ ಮೈಲ್ಸನ ಶಸ್ತ್ರಕ್ರಿಯೆಯೇ ಗತಿ.

1982ರಲ್ಲಿ ಇಂಗ್ಲೆಂಡಿನ ಬೇಸಿಂಗ್‌ಸ್ಟೋಕಿನ ಶಸ್ತ್ರವೈದ್ಯ ಬಿಲ್ ಹೀಲ್ಡ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಗುದನಾಳವನ್ನು ಸುತ್ತಿಕೊಂಡು ಒಂದು ಕೊಬ್ಬಿನ ಹೊದಿಕೆಯಿದೆ. ಅದರೊಳಗೇ ಅದರ ದುಗ್ಧನಾಳಗಳೂ ಗ್ರಂಥಿಗಳೂ ಅಡಗಿವೆ. ಹೊದಿಕೆಯ ಹೊರಗೊಂದು ತೆಳುಪೊರೆ. ಕೈಯಿಂದ ಎಳೆದು ಬಿಡಿಸಿದರೆ ಹೊದಿಕೆ ಹರಿದು, ರೋಗದ ಚೂರುಗಳು ಒಳಗೇ ಉಳಿಯುತ್ತವೆ. ಬದಲಾಗಿ ಕಣ್ಣಿಟ್ಟು ನೋಡುತ್ತಾ, ಪೊರೆಯ ಹೊರಗಿನಿಂದ ಮೆಲ್ಲಗೆ ಬಿಡಿಸಿಕೊಂಡು ಹೋಗಿ, ಹೊದಿಕೆ ಒಡೆಯದಂತೆ ಇಡಿಯಾಗಿ ತೆಗೆಯಬೇಕೆಂಬುದು ಹೀಲ್ಡನ ಮಾತು. 1986ರಲ್ಲಿ ಆತ ಪ್ರಕಟಿಸಿದ ಲೆಕ್ಕದಲ್ಲಿ, ರೋಗವನ್ನು ಪೂರ್ತಿಯಾಗಿ ತೆಗೆಯಲು ಸಾಧ್ಯವಾದವರಲ್ಲಿ ಅದೇ ಜಾಗದಲ್ಲಿ ಮತ್ತೆ ರೋಗ ಕಂಡವರು ನೂರಕ್ಕೆ 5ಕ್ಕಿಂತ ಕಡಮೆ. ಮೈಲ್ಸ್ ಹೇಳಿದ ಪಕ್ಕದ ದಾರಿಯ ಚರ್ಚೆಯೂ ನಿಂತಿಲ್ಲ. ಜಪಾನಿನ ಶಸ್ತ್ರವೈದ್ಯರು ಕೆಲವು ರೋಗಿಗಳಲ್ಲಿ ಆ ಕಡೆಯ ಗ್ರಂಥಿಗಳನ್ನೂ ತೆಗೆಯುತ್ತಾರೆ. ಇಂದು ಅನೇಕರಿಗೆ ಶಸ್ತ್ರಕ್ರಿಯೆಗೆ ಮೊದಲೇ ವಿಕಿರಣವನ್ನೂ ಔಷಧಗಳನ್ನೂ ಕೊಟ್ಟು ಗಡ್ಡೆಯನ್ನು ಕುಗ್ಗಿಸುತ್ತಾರೆ.

ಇಷ್ಟನ್ನು ಓದಿದ ನೀವು, ಇದರಲ್ಲಿ ನಮಗೇನು ಎಂದು ಕೇಳಬಹುದು. ಡ್ಯೂಕ್ಸನ ಮೂರು ದರ್ಜೆಗಳನ್ನು ಇನ್ನೊಮ್ಮೆ ನೋಡಿ. ‘ಎ’ ದರ್ಜೆಗೂ ‘ಸಿ’ ದರ್ಜೆಗೂ ನಡುವೆ ಇರುವುದು ಬಹುಮಟ್ಟಿಗೆ ಕಾಲ. ಗೋಡೆಯೊಳಗಿನ ಗಡ್ಡೆ ಕಾಲುವೆಗೆ ಇಳಿಯುವ ಮೊದಲು ಶಸ್ತ್ರವೈದ್ಯನ ಕೈಗೆ ಸಿಕ್ಕಿದರೆ, ಗುಣವಾಗುವವರೇ ಬಹುಪಾಲು. ಆ ಕಾಲವನ್ನು ನಾವು ಕಳೆಯುವುದು ಹೇಗೆಂಬುದು ಎಲ್ಲರಿಗೂ ತಿಳಿದದ್ದೇ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ನಾವೇ ಹೆಸರಿಟ್ಟು, ಮಜ್ಜಿಗೆ ಕುಡಿದು, ಯಾರೋ ಹೇಳಿದ ಬೇರನ್ನು ಅರೆದು ತಿಂದು, ತಿಂಗಳುಗಟ್ಟಲೆ ಸುಮ್ಮನಿರುತ್ತೇವೆ. ಹೆಂಗಸರಾದರೆ ಮನೆಯವರ ಮುಂದೆಯೂ ಬಾಯಿಬಿಡುವುದಿಲ್ಲ. ಅದು ಮೂಲವ್ಯಾಧಿಯೇ ಇರಬಹುದು, ಬಹಳ ಸಲ ಅದೇ ಆಗಿರುತ್ತದೆ. ಆದರೆ ಅದನ್ನು ಹೇಳಬೇಕಾದವರು ಪರೀಕ್ಷಿಸಿದ ವೈದ್ಯರು. ರಕ್ತ ಕಂಡರೆ, ಮಲವಿಸರ್ಜನೆಯ ಕ್ರಮ ಕಾರಣವಿಲ್ಲದೆ ಬದಲಾಗಿ ವಾರಗಟ್ಟಲೆ ಹಾಗೆಯೇ ಇದ್ದರೆ, ತೋರಿಸಿಕೊಳ್ಳಬೇಕು. ಕಣ್ಣಿಗೆ ಕಾಣದ ರಕ್ತವನ್ನು ಮಲದಲ್ಲಿ ಪತ್ತೆಹಚ್ಚುವ ಪರೀಕ್ಷೆಯೂ, ಬಾಗುವ ನಳಿಕೆಯಿಂದ ಕರುಳಿನ ಒಳಗನ್ನು ನೋಡುವ ಪರೀಕ್ಷೆಯೂ ಈಗ ಇವೆ.

ವೈದ್ಯರು ಒಂದೆರಡು ಮುಜುಗರದ ಪ್ರಶ್ನೆಗಳನ್ನು ಕೇಳುತ್ತಾರೆ, ಬೆರಳಿಟ್ಟು ಪರೀಕ್ಷಿಸುತ್ತಾರೆ. ಐದು ನಿಮಿಷದ ಸಂಕೋಚ. ಮೈಲ್ಸ್ ತನ್ನ 57 ಮಂದಿಯ ಲೆಕ್ಕವನ್ನು ಹೊರಗಿಡುವಾಗ ಆತನಿಗೂ ಸಂಕೋಚವಾಗದೆ ಇದ್ದಿರಲಾರದು. ಆದರೂ ಆತ ಅದನ್ನು ಅಚ್ಚುಹಾಕಿಸಿದ. ಮುಂದಿನವರಿಗೆ ದಾರಿ ಕಂಡದ್ದು ಆ ಲೆಕ್ಕದಿಂದ. ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಮಾತನ್ನು ನುಂಗಿಕೊಂಡು ಕುಳಿತಿದ್ದರೆ, ಈ ಹಾಳೆಯನ್ನು ಅವರ ಕೈಗೆ ಕೊಡಿ.